ಎದುರು ತಂಡದ ರಾಷ್ಟ್ರಗೀತೆ ಹಾಡಿದವರು

ಮೈದಾನದಲ್ಲಿ ಕೂಗುವುದಕ್ಕೆ ಒಂದು ಗಂಟಲು ಬೇಕು. ಅದು ನನಗಿತ್ತು. ನವಿ ಮುಂಬೈಯ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಸ್ಟೋರ್‌ಕೀಪರ್. ಮಷೀನುಗಳ ಸದ್ದಿನಲ್ಲಿ ಬಾಗಿಲ ಬಳಿ ನಿಂತು, ಕೊನೆಯ ರ‍್ಯಾಕಿನ ಹಿಂದಿರುವವನಿಗೆ ಕೇಳುವಂತೆ ಬೋಲ್ಟು, ಬೇರಿಂಗುಗಳ ನಂಬರು ಕೂಗಿ ಕೂಗಿ ನನ್ನ ಸ್ವರ ಹಾಗಾಯಿತೋ, ಇಲ್ಲ ಉಡುಪಿ ಕಡೆಯ ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದುದರಿಂದ ಹುಟ್ಟಿನಿಂದಲೇ ಬಂದದ್ದೋ, ಹೇಳಲಾರೆ. ನಾನು ಫೋನಿನಲ್ಲಿ ಮಾತಾಡತೊಡಗಿದರೆ ಹೆಂಡತಿ ಎದ್ದು ಹೋಗಿ ಕಿಟಕಿ ಮುಚ್ಚುತ್ತಾಳೆ. ಕೋಪರ್‌ಖೈರಣೆಯ ನಮ್ಮ ಹೌಸಿಂಗ್ ಸೊಸೈಟಿಗೆಲ್ಲ ನಮ್ಮ ಸಂಸಾರದ ಸುದ್ದಿ ತಿಳಿಯಬಾರದೆಂದು ಅವಳ ಆಸೆ.

ಈ ಗಂಟಲಿಗೆ ಮರ್ಯಾದೆ ಸಿಕ್ಕಿದ್ದು ಫುಟ್‌ಬಾಲಿನಲ್ಲಿ. ಕಾರ್ಖಾನೆಯಲ್ಲಿ ನಮ್ಮದು ಎಂಟು ಜನರ ಗ್ಯಾಂಗ್. ಠಾಣೆಯವರು, ಡೊಂಬಿವಲಿಯವರು, ಕಲ್ಯಾಣದವರು, ಎಲ್ಲರೂ ಕಂಪನಿ ಬಸ್ಸಿನಲ್ಲಿ ಬರುವವರು. ನಮ್ಮ ಮುಖಂಡ ಕಲ್ಯಾಣದ ಒಬ್ಬ ಫಿಟರ್. ಗಣಪತಿ ವಿಸರ್ಜನೆಯಲ್ಲಿ ತಾಶೆ ಬಾರಿಸುವವನು. ನವಿ ಮುಂಬೈಯಲ್ಲಿ ಎಲ್ಲೇ ಒಂದು ದೊಡ್ಡ ಪಂದ್ಯವಿರಲಿ, ಅವನು ತಾಶೆಯನ್ನು ಕುತ್ತಿಗೆಗೆ ಹಾಕಿಕೊಂಡು ಮುಂದೆ, ನಾವು ನೀಲಿ ಅಂಗಿ ತೊಟ್ಟು ಹಿಂದೆ. ಗ್ಯಾಲರಿಯಲ್ಲಿ ಅವನು ತಾಳ ಕೊಟ್ಟರೆ ಘೋಷಣೆ ನನ್ನದು. ಅಲ್ಲಿ ನನಗೆ ಬೇರೆ ಹೆಸರಿರಲಿಲ್ಲ. ಮುಂಬೈಯಲ್ಲಿ ದಕ್ಷಿಣದವರೆಲ್ಲರೂ ಅಣ್ಣಾಗಳೇ ಆದ್ದರಿಂದ ನಾನೂ ಅಣ್ಣಾ.

ನಮ್ಮ ಗ್ಯಾಂಗಿಗೆ ಒಂದು ಪದ್ಧತಿಯಿತ್ತು. ಬರೆಯುವಾಗ ಈಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. ಬೇರೆ ದೇಶದ ತಂಡ ಬಂದು ಅವರ ರಾಷ್ಟ್ರಗೀತೆ ಶುರುವಾಯಿತೋ, ನಾವು ಹೋ ಎಂದು ಹೂಟಿಂಗ್ ಮಾಡಬೇಕು. ಕೊನೆಯವರೆಗೂ ಬಿಡಬಾರದು. ಟಿವಿಯಲ್ಲಿ ವಿದೇಶದ ಪಂದ್ಯ ನೋಡಿ ಕಲಿತದ್ದು ಇದು. ಆಟ ಶುರುವಾಗುವ ಮೊದಲೇ ಎದುರಿನವರ ಕಾಲು ನಡುಗಬೇಕು ಎಂಬುದು ಫಿಟರನ ಸಿದ್ಧಾಂತ. ನನಗೆ ಅದು ಬಹಳ ಸರಿಯೆನಿಸಿತ್ತು. ಹೋದ ವರ್ಷ ನಮ್ಮಲ್ಲಿ ಒಬ್ಬ ಬರೇ ಬಾಯಿ ತೆರೆದು ಕೂತಿದ್ದಾನೆ, ಸ್ವರ ಬರುತ್ತಿಲ್ಲ ಎಂದು ಅವನ ಬೆನ್ನಿಗೆ ಗುದ್ದಿದವನೂ ನಾನೇ. ಇದೇ ನಾನು ವಾಶಿಯ ಸಿನಿಮಾ ಥಿಯೇಟರಿನಲ್ಲಿ ನಮ್ಮ ರಾಷ್ಟ್ರಗೀತೆಯ ಹೊತ್ತಿಗೆ ಪಾಪ್‌ಕಾರ್ನ್ ತಿನ್ನುತ್ತಿದ್ದ ಒಬ್ಬನ ಮೇಲೆ ಏರಿ ಹೋಗಿ, ಅವನ ಹೆಂಡತಿ ಅಳುವ ಹಾಗೆ ಮಾಡಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ.

ಇನ್ನು ನನ್ನ ಹೆಂಡತಿ. ಅವಳು ನಮ್ಮ ಬಡಾವಣೆಯ ಭಜನಾ ಮಂಡಳಿಯ ಮುಂದಾಳು. ಒಂಬತ್ತು ಜನ ಹೆಂಗಸರು, ಎರಡು ಜೊತೆ ತಾಳ, ಒಂದು ಹಾರ್ಮೋನಿಯಂ. ಹೆಚ್ಚಿನವರು ಉಡುಪಿ, ಕಾರ್ಕಳ ಕಡೆಯವರು. ಗಂಡಂದಿರಿಗೆ ಹೋಟೆಲೋ ಆಫೀಸೋ. ಒಬ್ಬಾಕೆ ಮಾತ್ರ ಕಲಬುರಗಿ ಕಡೆಯಾಕೆ, ತುರ್ಭೆಯಲ್ಲಿರುವವಳು. ಗಂಡ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ, ಇವಳು ಅಲ್ಲೇ ಈರುಳ್ಳಿ ಆರಿಸುತ್ತಾಳೆ. ಮಂಡಳಿಗೆ ಅವಳು ಬಂದ ಕಥೆ ಚೆನ್ನಾಗಿದೆ. ಒಂದು ಸತ್ಯನಾರಾಯಣ ಪೂಜೆಗೆ ಅಡುಗೆಯ ಸಹಾಯಕ್ಕೆಂದು ಬಂದವಳು, ಹಾಲಿನಲ್ಲಿ ಭಜನೆ ನಡೆಯುತ್ತಿದ್ದಾಗ ಒಳಗೆ ತೆಂಗಿನಕಾಯಿ ತುರಿಯುತ್ತಲೇ ಪಲ್ಲವಿಗೆ ಸ್ವರ ಸೇರಿಸಿದಳು. ನನ್ನ ಹೆಂಡತಿ ಹಾಡು ಮುಗಿದ ಕೂಡಲೇ ಎದ್ದು ಅಡುಗೆಮನೆಗೆ ಹೋದಳು. ಯಾರೋ ಕೆಲಸದವರು ಹಾಡಿದ್ದಕ್ಕೆ ಬೈಯಲು ಹೋದಳೆಂದು ಎಲ್ಲರೂ ಅಂದುಕೊಂಡರು. ಇವಳು ಆಕೆಯ ಕೈ ತೊಳೆಸಿ, ಹೊರಗೆ ಕರೆದುಕೊಂಡು ಬಂದು, ತನ್ನ ಪಕ್ಕದ ಚಾಪೆಯಲ್ಲಿ ಕೂರಿಸಿದಳು. ಅಂದಿನಿಂದ ತಾಳ ಅವಳದೇ.

ಈ ಮಂಡಳಿಯವರ ಪುಸ್ತಕ ನೋಡಬೇಕು ನೀವು. ಉದ್ದನೆಯ ರಟ್ಟಿನ ಪುಸ್ತಕ, ಒಳಗೆ ಎಲ್ಲವೂ ಕನ್ನಡ ಅಕ್ಷರದಲ್ಲಿ. ದಾಸರ ಪದ, ಸಂಸ್ಕೃತದ ಸ್ತೋತ್ರ, ಮರಾಠಿ ಅಭಂಗ, ಕೊಂಕಣಿ ಆರತಿ, ತುಳು ಭಜನೆ, ಹಿಂದಿಯದು, ಒಂದೆರಡು ಗುಜರಾತಿಯದು ಕೂಡ. ಕೆಳಗಿನ ಮನೆಯ ಗುಜರಾತಿ ಅಜ್ಜಿಗೆ ಕಾಯಿಲೆಯಾದಾಗ ಆಕೆಗೆ ಬೇಕಾದ ಹಾಡನ್ನು ಆಕೆಯ ಬಾಯಿಂದಲೇ ಕೇಳಿ ಬರೆದುಕೊಂಡು, ಮೂರನೆಯ ದಿನಕ್ಕೆ ಹಾಡಿ ಬಂದಿದ್ದರು. ಅಜ್ಜಿಯ ಮಗ ಕೊನೆಗೆ ಇವರಿಗೆ ಗುಜರಾತಿ ಬರುತ್ತದೆಂದೇ ತಿಳಿದು ಮಾತಿಗಿಳಿದ. ಒಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ.

ಅವರಿಗೂ ಒಂದು ಪದ್ಧತಿಯುಂಟು. ಹಾಡು ನಡುವೆ ನಿಂತುಹೋದರೆ ನಿಂತಲ್ಲಿಂದ ಮುಂದುವರಿಸುವುದಿಲ್ಲ. ಕರೆಂಟು ಹೋಗಲಿ, ಮಗು ಅಳಲಿ, ಮತ್ತೆ ಮೊದಲ ಸಾಲಿನಿಂದಲೇ ಹಿಡಿಯುವುದು. ಒಂದು ನವರಾತ್ರಿಯಲ್ಲಿ ಸೊಸೈಟಿಯ ಸೆಕ್ರೆಟರಿ ಹಾಡಿನ ನಡುವೆ ಮೈಕು ತೆಗೆದುಕೊಂಡು, ಯಾರದೋ ಕಾರು ಗೇಟಿಗೆ ಅಡ್ಡವಾಗಿದೆ ಎಂದು ಸಾರಿದ. ಇವರು ಮೊದಲಿನಿಂದ ಶುರುಮಾಡಿದರು. ಅವನು ಮತ್ತೆ ಬಂದ. ಇವರು ಮತ್ತೆ ಮೊದಲಿನಿಂದ. ಮೂರನೆಯ ಸಲ ಅವನು ಬರಲಿಲ್ಲ, ಹೋಗಿ ತಾನೇ ಕಾರು ತಳ್ಳಿಸಿದನಂತೆ.

ಹೋದ ಫೆಬ್ರವರಿಯಲ್ಲಿ ಪಂದ್ಯ ನಡೆಸುವ ಸಮಿತಿಯ ಒಬ್ಬರು ಈ ಮಂಡಳಿಯನ್ನು ಹುಡುಕಿಕೊಂಡು ಬಂದರು. ನಮ್ಮ ದೇಶದ ಹೆಂಗಸರ ತಂಡಕ್ಕೂ ದೂರದ ಒಂದು ಸಣ್ಣ ದೇಶದ ಹೆಂಗಸರ ತಂಡಕ್ಕೂ ಸ್ನೇಹದ ಪಂದ್ಯ, ನಮ್ಮ ಮನೆಯಿಂದ ಆರೇಳು ಸ್ಟೇಷನ್ ಆಚೆಗಿನ ಮೈದಾನದಲ್ಲಿ. ಎರಡೂ ರಾಷ್ಟ್ರಗೀತೆಗಳನ್ನು ರೆಕಾರ್ಡಿನಲ್ಲಿ ಹಾಕದೆ ಇಲ್ಲಿಯ ಜನರಿಂದಲೇ ಹಾಡಿಸಬೇಕೆಂದು ಸಮಿತಿಗೆ ಆಸೆ ಹುಟ್ಟಿತ್ತು. ನಮ್ಮದನ್ನು ಹಾಡಲು ನಾ ಮುಂದು ತಾ ಮುಂದು ಎಂದು ಶಾಲೆಗಳು ಬಂದವು. ಅವರದನ್ನು ಹಾಡಲು ಒಬ್ಬರೂ ಇಲ್ಲ. ಸಂಗೀತ ಕ್ಲಾಸಿನವರು ಭಾಷೆ ಬರುವುದಿಲ್ಲ ಎಂದರು. ಕಾಲೇಜಿನ ಬ್ಯಾಂಡಿನವರು ಪರೀಕ್ಷೆಯ ನೆವ ಹೇಳಿದರು. ಕೊನೆಗೆ ಯಾರೋ ಈ ಹೆಂಗಸರ ಪುಸ್ತಕದ ವಿಷಯ ಹೇಳಿದ್ದರಿಂದ ಆ ಮನುಷ್ಯ ನಮ್ಮ ಮನೆಗೆ ಬಂದು, ಅಳುಕುತ್ತಾ ಸೋಫಾದ ತುದಿಯಲ್ಲಿ ಕೂತು ವಿಷಯ ತಿಳಿಸಿದ.

ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ, ಹಾಡು ಎಷ್ಟು ಉದ್ದ ಉಂಟು ಎಂದು. ಒಂದೂವರೆ ನಿಮಿಷ ಎಂದ. ಆದೀತು ಎಂದಳು.

ಆ ದೇಶದ ತಂಡದ ಮ್ಯಾನೇಜರು ಹಾಡಿನ ರೆಕಾರ್ಡನ್ನೂ ಅರ್ಥವನ್ನೂ ಕಳಿಸಿದರು. ನಮ್ಮ ಮನೆಯ ಹಾಲಿನಲ್ಲಿ ಮೂರು ವಾರ ಅಭ್ಯಾಸ ನಡೆಯಿತು. ಮೊದಲ ವಾರ ಅದು ರಾಷ್ಟ್ರಗೀತೆಯ ಹಾಗೆ ಕೇಳುತ್ತಲೇ ಇರಲಿಲ್ಲ, ಮಂಗಳಾರತಿಯ ಹಾಗಿತ್ತು. ಪ್ರತಿ ಸಾಲನ್ನೂ ಒಬ್ಬರು ಹೇಳಿ ಎಂಟು ಜನ ತಿರುಗಿ ಹೇಳುತ್ತಿದ್ದರು. ಕೊನೆಯ ಸಾಲನ್ನು ನಿಧಾನ ಮಾಡಿ ಎರಡು ಸಲ ಎಳೆಯುತ್ತಿದ್ದರು. ನಾನು ಒಳಗಿನಿಂದ, ಅದು ಮಾರ್ಚ್ ಮಾಡುವ ಹಾಡು, ಹಾಗೆ ಎಳೆಯಬಾರದು ಎಂದು ಕೂಗಿ ಹೇಳಿದೆ. ಯಾರೂ ಲೆಕ್ಕಿಸಲಿಲ್ಲ. ಆಮೇಲೆ ಅವರೇ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ ನಡಿಗೆ ತಿದ್ದಿಕೊಂಡರು. ಕೊನೆಯ ಸಾಲಿನ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಒಂದೇ ಸಲ ಹೇಳಿ ಮುಗಿಸಿದರೆ ದೇವರನ್ನು ಬಾಗಿಲಲ್ಲೇ ನಿಲ್ಲಿಸಿ ಬಂದ ಹಾಗಾಗುತ್ತದೆ ಎಂದು ಒಬ್ಬಾಕೆ ಹೇಳಿದ್ದನ್ನು ಉಳಿದವರೆಲ್ಲರೂ ಒಪ್ಪಿದರು. ಅರ್ಥದ ಕಾಗದ ಓದಿದಾಗ ಅದರಲ್ಲಿ ನದಿ, ಬೆಟ್ಟ, ಬೆಳೆ, ತಾಯಿ ಇವೇ ಇದ್ದವು. ತುರ್ಭೆಯಾಕೆ, ಇದು ನಮ್ಮದರಂಗೇ ಐತಲ್ರಿ ಅಕ್ಕಾರ ಎಂದು ಖುಷಿಪಟ್ಟಳು.

ಅಷ್ಟರಲ್ಲಿ ಕ್ಯಾಂಟೀನಿನಲ್ಲಿ ನಮ್ಮ ತಯಾರಿಯೂ ನಡೆದಿತ್ತು. ಇದೇ ತಂಡದ ಎದುರು ಹಿಂದೊಮ್ಮೆ ಅವರ ನೆಲದಲ್ಲಿ ನಮ್ಮವರು ಸೋತಿದ್ದರು. ಈ ಸಲ ಅವರ ಗೀತೆ ಒಂದಕ್ಷರ ಕೇಳಿಸಬಾರದು ಎಂದು ಫಿಟರ್ ಹೇಳಿದ. ಮೇಜಿನ ಸುತ್ತ ಎಲ್ಲರೂ ನನ್ನ ಕಡೆ ನೋಡಿದರು. ನಾನು ತಟ್ಟೆಯ ಕಡೆ ನೋಡಿದೆ.

ಆಗಲೇ ಹೇಳಬೇಕಿತ್ತು. ಹಾಡುವವಳು ನನ್ನ ಹೆಂಡತಿ, ಈ ಸಲ ಬೇಡ ಎಂದರೆ ಮುಗಿಯುತ್ತಿತ್ತು. ಅವರೇನು ರಾಕ್ಷಸರಲ್ಲ. ಆದರೆ ಹೇಳಿದರೆ ಒಂದು ವರ್ಷ ಗೇಲಿಗೆ ಗುರಿಯಾಗಬೇಕು. ಭಾಭಿ ಆ ಕಡೆಯ ತಂಡ ಸೇರಿದರಂತೆ, ಅಣ್ಣಾನಿಗೆ ಮನೆಯಲ್ಲಿ ಊಟ ಸಿಗುವುದಿಲ್ಲವಂತೆ, ಹೀಗೆ. ಬೆನ್ನಿಗೆ ಗುದ್ದು ತಿಂದವನು ಬೇರೆ ಎದುರಿಗೇ ಕೂತಿದ್ದ. ನಾಳೆ ಹೇಳೋಣ ಎಂದುಕೊಂಡು ಹತ್ತು ದಿನ ಕಳೆದೆ. ಮಗಳಿಗೆ ಇದು ಗೊತ್ತಾಯಿತು. ಇಲ್ಲೇ ಹುಟ್ಟಿ ಬೆಳೆದ ಅವಳು ನಮ್ಮ ಮಾತಿಗೆಲ್ಲ ಹಿಂದಿಯಲ್ಲೇ ಉತ್ತರ ಕೊಡುವವಳು. ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿಬಿಡಿ ಪಪ್ಪಾ, ಎರಡು ಸಾಲು ಸಾಕು ಎಂದಳು. ಎರಡು ಸಾಲು ಬರೆದೆ, ಅಳಿಸಿದೆ.

ಗೆಳೆಯರಿಗೆ ಹೇಳುವ ಧೈರ್ಯವಿಲ್ಲದವನು ಹೆಂಡತಿಗೆ ಹೇಳಲು ಹೋದೆ. ಹಾಡುವುದು ಬೇಡ, ಜನ ಕೂಗುತ್ತಾರೆ, ಸುಮ್ಮನೆ ಅವಮಾನ ಎಂದೆ. ಅವಳು ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದಳು. ನಮ್ಮ ಮನೆಮಾತು ತುಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಜನ ಅಂದ್ರೆ ಯಾರು? ನೀವೇ ಅಲ್ವಾ?"

ನಾನು ಕೂಗುವುದಿಲ್ಲ ಎಂದೆ.

"ನೀವೊಬ್ರು ಕೂಗದಿದ್ರೆ ಸಾಕು. ಉಳಿದವ್ರು ನನಗೆ ಯಾರು?"

ಅವಳು ಮತ್ತೆ ಬೈಂಡಿನ ಕಡೆ ತಿರುಗಿದಳು. ನಾನು ಮಾತು ಕೊಟ್ಟಾಗಿತ್ತು. ಒಬ್ಬನ ಬಾಯಿ ಮುಚ್ಚಿಕೊಳ್ಳುವುದು ಉಳಿದ ಏಳು ಜನರ ಬಾಯಿ ಮುಚ್ಚಿಸುವುದಕ್ಕಿಂತ ಸುಲಭ ಎಂದು ನನಗೆ ಸಮಾಧಾನವೇ ಆಯಿತು.

ಪಂದ್ಯದ ದಿನ ಸಂಜೆ ನಾಲ್ಕೂವರೆಗೆಲ್ಲ ನಾವು ಗ್ಯಾಲರಿಯಲ್ಲಿದ್ದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅದೇನು ಭಾರಿ ಸ್ಟೇಡಿಯಂ ಅಲ್ಲ. ಆರೇಳು ಮೆಟ್ಟಿಲಿನ ಗ್ಯಾಲರಿ, ಕೆಳಗೆ ಇಳಿದರೆ ನೇರ ಹುಲ್ಲು. ತಂಡಗಳು ಬಂದು ಸಾಲಾಗಿ ನಿಂತವು. ಅವುಗಳ ಪಕ್ಕದಲ್ಲಿ, ನಮ್ಮಿಂದ ಮೂವತ್ತು ಹೆಜ್ಜೆಯಲ್ಲಿ, ಒಂದು ಕಡೆ ಶಾಲೆಯ ಮಕ್ಕಳು, ಇನ್ನೊಂದು ಕಡೆ ನಮ್ಮ ಮಂಡಳಿ. ಒಂಬತ್ತು ಜನರಿಗೂ ಕೆಂಪು ಅಂಚಿನ ಸಾಸಿವೆ ಬಣ್ಣದ ಸೀರೆ. ನೆಲ ಕಾದಿರುತ್ತದೆ, ಚಪ್ಪಲಿ ಬಿಡಬೇಡಿ ಎಂದು ಸಮಿತಿಯವರು ಎಷ್ಟು ಹೇಳಿದರೂ ಕೇಳದೆ, ಬಿಳಿ ಗೆರೆಯ ಹೊರಗೆ ಒಂಬತ್ತು ಜೊತೆ ಚಪ್ಪಲಿ ಸಾಲಾಗಿ ಬಿಟ್ಟು ಬರಿಗಾಲಲ್ಲಿ ಹೋಗಿ ನಿಂತಿದ್ದರು. ಹಾಡುವಾಗ ಚಪ್ಪಲಿ ಹಾಕಿಕೊಳ್ಳುವುದು ಅವರಿಗೆ ಸಾಧ್ಯವೇ ಇರಲಿಲ್ಲ. ತಾಳ ಬೇಡ, ಇದು ಭಜನೆಯಲ್ಲ ಎಂದೂ ಹೇಳಿದ್ದರು. ತುರ್ಭೆಯಾಕೆ ಸರಿ ಎಂದು ತಲೆಯಾಡಿಸಿ, ತಾಳದ ಜೊತೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಇದು ನನಗೆ ಆಮೇಲೆ ತಿಳಿದದ್ದು.

ಮೊದಲು ಅತಿಥಿಗಳ ರಾಷ್ಟ್ರಗೀತೆ ಎಂದು ಮೈಕಿನಲ್ಲಿ ಹೇಳಿದರು. ನನ್ನ ಹೆಂಡತಿ ಕಣ್ಣು ಮುಚ್ಚಿ ಶ್ರುತಿ ಹಿಡಿದಳು. ಅವಳ ಬಾಯಿಂದ ಮೊದಲ ಶಬ್ದ ಬಂದದ್ದೇ ತಡ, ಗ್ಯಾಲರಿ ಹೋ ಎಂದಿತು. ನಮ್ಮ ಗ್ಯಾಂಗೊಂದೇ ಅಲ್ಲ, ನಾಲ್ಕೂ ಕಡೆಯಿಂದ. ನಾವು ವರ್ಷಗಟ್ಟಲೆ ಮಾಡಿ ತೋರಿಸಿದ್ದನ್ನು ಊರೆಲ್ಲ ಕಲಿತಿತ್ತು. ಫಿಟರನ ತಾಶೆ ಕಿವಿಯ ಪಕ್ಕದಲ್ಲೇ ತಡತಡ ಎಂದಿತು. ನಾನು ಹಲ್ಲು ಕಚ್ಚಿ ಕೂತಿದ್ದೆ. ಇಷ್ಟು ಜನರ ನಡುವೆ ಬಾಯಿ ಮುಚ್ಚಿ ಕೂತರೆ ಯಾರಿಗೆ ಗೊತ್ತಾಗುತ್ತದೆ ಎಂದು ನಂಬಿದ್ದೆ. ಆದರೆ ಘೋಷಣೆ ಹಾಕುವವನು ಸುಮ್ಮನಿದ್ದರೆ ಗೊತ್ತಾಗುತ್ತದೆ. ಫಿಟರ್ ಬಾರಿಸುತ್ತಲೇ ಮೊಣಕೈಯಿಂದ ತಿವಿದ.

"ಕಾಯ್ ಅಣ್ಣಾ, ಗಳಾ ಬಸ್ಲಾ ಕಾ?"

ಗಂಟಲು ಕಟ್ಟಿತೇ ಎಂದು ಕೇಳಿದ್ದು ಅಷ್ಟೇ. ಬೆನ್ನಿಗೆ ಗುದ್ದು ತಿಂದವನು ತಿರುಗಿ ನೋಡಿ ನಕ್ಕ. ಅವನ ನಗುವಿಗೆ ನಾನು ಕೂಗಿದೆ. ಹೋ ಎಂದು ಒಂದು ಸಲ, ನನ್ನ ಪೂರ್ತಿ ಗಂಟಲಿನಿಂದ. ಹೆಂಡತಿಗೆ ಕೊಟ್ಟ ಮಾತನ್ನು ನಾನು ಮುರಿದದ್ದು ಹೀಗೆ, ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಅದಕ್ಕೆ ಬೇರೆ ವಿವರಣೆ ಹುಡುಕುವುದನ್ನು ನಾನು ಬಿಟ್ಟಿದ್ದೇನೆ.

ಅವಳು ಕಣ್ಣು ತೆರೆದಳು. ಗ್ಯಾಲರಿಯ ಕಡೆ ನೋಡಲಿಲ್ಲ, ಎದುರಿನ ಬಾವುಟವನ್ನು ನೋಡಿದಳು. ಹಾಡು ನಿಲ್ಲಲಿಲ್ಲ. ಆದರೆ ಗದ್ದಲದಲ್ಲಿ ಒಬ್ಬರ ಸ್ವರ ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಹಿಂದಿನ ಸಾಲಿನವರು ಒಂದು ಸಾಲು ಮುಂದೆ ಹೋದರು, ಮುಂದಿನವರು ಹಿಂದುಳಿದರು, ಮೂರು ಜನ ನಡುವೆ ಎಲ್ಲೋ ಕಳೆದುಹೋದರು. ಕೊನೆಗೆ ಒಬ್ಬೊಬ್ಬರಾಗಿ ಮುಗಿಸಿದ ಹಾಗಾಯಿತು. ಆ ದೇಶದ ಹುಡುಗಿಯರು ಎದೆಯ ಮೇಲೆ ಕೈಯಿಟ್ಟು ಬೂಟು ನೋಡುತ್ತಾ ನಿಂತಿದ್ದರು. ಅವರ ಕ್ಯಾಪ್ಟನ್ನು, ಎತ್ತರದ ಹುಡುಗಿ, ತುಟಿ ಕಚ್ಚಿಕೊಂಡಿದ್ದಳು. ಗ್ಯಾಲರಿಯಲ್ಲಿ ಗೆದ್ದವರ ಹಾಗೆ ಚಪ್ಪಾಳೆ ಬಿತ್ತು.

ಇನ್ನು ನಮ್ಮ ರಾಷ್ಟ್ರಗಾನ ಎಂದು ಮೈಕಿನವನು ಹೇಳಿದ. ಎಲ್ಲರೂ ಎದ್ದು ನಿಂತೆವು. ಶಾಲೆಯ ಮಕ್ಕಳು ಉಸಿರು ಎಳೆದುಕೊಂಡರು. ಆಗ ನನ್ನ ಹೆಂಡತಿ ಅವರ ಕಡೆ ಅಂಗೈ ತೋರಿಸಿದಳು, ಸ್ವಲ್ಪ ತಡೆಯಿರಿ ಎಂಬಂತೆ. ಸಮಿತಿಯವನು ಓಡಿ ಬಂದು ಏನೋ ಹೇಳಿದ. ಅವಳು ಅವನಿಗೂ ಅದೇ ಅಂಗೈ ತೋರಿಸಿದಳು. ತನ್ನವರ ಕಡೆ ತಿರುಗಿ ಒಂದು ಮಾತು ಹೇಳಿದಳು. ತುರ್ಭೆಯಾಕೆ ಸೊಂಟದಿಂದ ತಾಳ ತೆಗೆದು ಮೈಕಿನ ಹತ್ತಿರ ಹಿಡಿದು, ಟಿಣ್ ಎಂದು ಒಂದು ಪೆಟ್ಟು ಕೊಟ್ಟಳು. ಒಂಬತ್ತು ಜನ ಆ ದೇಶದ ಹಾಡನ್ನು ಮೊದಲ ಸಾಲಿನಿಂದ ಹಿಡಿದರು.

ಮೊದಲಿಗಿಂತ ತಗ್ಗಿದ ಶ್ರುತಿಯಲ್ಲಿ ಹಿಡಿದರು. ಗದ್ದಲವಿದ್ದ ಕಡೆ ಸ್ವರ ಏರಿಸಬಾರದು, ಇಳಿಸಬೇಕು ಎಂದು ಅವಳು ಮಂಡಳಿಗೆ ಹೇಳಿಕೊಟ್ಟದ್ದನ್ನು ನಾನು ಒಳಗಿನ ಕೋಣೆಯಿಂದ ಎಷ್ಟೋ ಸಲ ಕೇಳಿದ್ದೆ. ಈಗ ತಾಳದ ಪೆಟ್ಟು ಅವರನ್ನು ಒಟ್ಟಿಗೆ ಹಿಡಿದಿತ್ತು. ಗ್ಯಾಲರಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು, ನಮ್ಮ ಗೀತೆಗೆಂದು. ನಿಂತವರು ಕೂರುವುದೋ ಬೇಡವೋ? ಕೆಲವರು ನಕ್ಕರು. ಆ ಮೂಲೆಯಿಂದ ಒಂದು ಹೋ ಬಂತು. ಫಿಟರ್ ತಾಶೆಯ ಕೋಲು ಎತ್ತಿದ.

ನಾನು ಅವನ ಕೈ ಹಿಡಿದುಕೊಂಡೆ.

"ಮತ್ ಬಜಾ. ವೋ ಮೇರಿ ಘರ್‌ವಾಲಿ ಹೈ."

ಹಾಡುತ್ತಿರುವವಳು ನನ್ನ ಹೆಂಡತಿ ಎಂದದ್ದು ಅವನಿಗೆ ಮೊದಲು ತಲೆಗೆ ಹೋಗಲಿಲ್ಲ. ಹೋದ ಮೇಲೆ ಅವನ ಮುಖ ನೋಡಲಾಗಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ತಗ್ಗಿದ ಸ್ವರದಲ್ಲಿ ಕೇಳಿದ. ತಾಶೆಯನ್ನು ಕುತ್ತಿಗೆಯಿಂದ ತೆಗೆದು ಕಾಲ ಬಳಿ ಇಟ್ಟ. ಉಳಿದ ಆರು ಜನರಿಗೂ ಕೈಸನ್ನೆ ಹೋಯಿತು. ನಮ್ಮ ಸಾಲು ಸುಮ್ಮನಾದ ಮೇಲೆ ಹಿಂದಿನ ಎರಡು ಸಾಲುಗಳೂ ಸುಮ್ಮನಾದವು, ಕೂಗಲು ನಮ್ಮನ್ನು ನೋಡಿ ಕಲಿತವರು ಅವರು. ಗ್ಯಾಲರಿ ಪೂರ್ತಿ ನಿಶ್ಶಬ್ದವಾಯಿತು ಎಂದರೆ ಸುಳ್ಳಾಗುತ್ತದೆ. ಆ ಮೂಲೆಯವರು ಕೊನೆಯವರೆಗೂ ಆಗಾಗ ಕೂಗುತ್ತಲೇ ಇದ್ದರು. ಆದರೆ ಈಗ ಹಾಡು ಕೇಳಿಸುತ್ತಿತ್ತು.

ಮೂರನೆಯ ಸಾಲಿಗೆ ಆ ಎತ್ತರದ ಕ್ಯಾಪ್ಟನ್ ತಲೆಯೆತ್ತಿ ಹಾಡತೊಡಗಿದಳು. ಅವಳ ಹಿಂದೆ ಹತ್ತೂ ಹುಡುಗಿಯರು. ಅವರ ಸ್ವರ ನಮ್ಮ ಹೆಂಗಸರ ಸ್ವರದೊಂದಿಗೆ ಸೇರಿದಾಗ ನನ್ನ ಕಣ್ಣು ತುಂಬಿತು, ಮುಚ್ಚುಮರೆಯೇಕೆ. ಮೂರು ವಾರ ಗೋಡೆಯಾಚೆಯಿಂದ ಕೇಳಿ ಕೇಳಿ ನನಗೂ ಆ ಹಾಡು ಬಾಯಿಗೆ ಬಂದಿತ್ತು. ನಾನೂ ಹಾಡಿದೆ. ಕೊನೆಯ ಸಾಲು ಬಂದಾಗ ಆ ಹುಡುಗಿಯರು ಒಂದು ಸಲ ಹೇಳಿ ನಿಲ್ಲಿಸಿದರು. ನಮ್ಮವರು ನಿಲ್ಲಿಸುತ್ತಾರೆಯೇ? ಅದನ್ನೇ ನಿಧಾನವಾಗಿ, ಎಳೆದು, ಎರಡನೆಯ ಸಲ ಹಿಡಿದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗುತ್ತಾ ಓಡಿ ಬಂದು ಬಸ್ಸು ಹತ್ತಿದವರ ಹಾಗೆ ಅದಕ್ಕೂ ಸೇರಿಕೊಂಡರು. ಗ್ಯಾಲರಿ ನಕ್ಕಿತು. ಈ ಸಲದ ನಗು ಬೇರೆ. ಚಪ್ಪಾಳೆಯೂ ಬಿತ್ತು.

ಆಮೇಲೆ ನಮ್ಮ ಗೀತೆ ಆಯಿತು. ಆ ಹನ್ನೊಂದು ಹುಡುಗಿಯರು ಕದಲದೆ ನಿಂತರು. ಪಂದ್ಯ ಒಂದೊಂದು ಗೋಲಿನಲ್ಲಿ ಸಮವಾಯಿತು. ನಾನು ಸರಿಯಾಗಿ ನೋಡಲಿಲ್ಲ.

ಮುಗಿದ ಮೇಲೆ ಕೆಳಗಿಳಿದು ಹೋದೆ. ಹೆಂಗಸರು ಚಪ್ಪಲಿ ಹುಡುಕುತ್ತಿದ್ದರು. ಬದಲಿ ಆಟಗಾರ್ತಿಯರ ಓಡಾಟದಲ್ಲಿ ಸಾಲು ಚೆಲ್ಲಾಪಿಲ್ಲಿಯಾಗಿತ್ತು. ಆ ಕ್ಯಾಪ್ಟನ್ ಬೆವರಿನಲ್ಲೇ ಬಂದು, ನಮ್ಮ ರೀತಿಯಲ್ಲಿ ಕೈ ಜೋಡಿಸಲು ಪ್ರಯತ್ನಿಸಿ, ಹಾಡಿನ ಕಾಗದ ತೋರಿಸಿ ಎಂದು ಕೈಸನ್ನೆ ಮಾಡಿದಳು. ನನ್ನ ಹೆಂಡತಿ ರಟ್ಟಿನ ಪುಸ್ತಕ ಬಿಚ್ಚಿ ಹಿಡಿದಳು. ತನ್ನ ದೇಶದ ಹಾಡನ್ನು ಗುಂಡುಗುಂಡಾದ ಅಕ್ಷರಗಳಲ್ಲಿ ನೋಡಿ ಆ ಹುಡುಗಿ ಸಾಲುಗಳ ಮೇಲೆ ಬೆರಳಾಡಿಸಿದಳು, ಫೋನು ತರಿಸಿ ಫೋಟೋ ತೆಗೆದುಕೊಂಡಳು. ತುರ್ಭೆಯಾಕೆ ಅವಳ ಗಲ್ಲ ಮುಟ್ಟಿ, "ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊ ತಂಗಿ" ಎಂದಳು. ಹುಡುಗಿಗೆ ಏನು ತಿಳಿಯಿತೋ, ಹೂಂ ಹೂಂ ಎಂದು ತಲೆಯಾಡಿಸಿದಳು. ನಮ್ಮ ಫಿಟರ್ ದೂರದಲ್ಲೇ ನಿಂತು, ನನ್ನ ಹೆಂಡತಿ ತನ್ನ ಕಡೆ ನೋಡಿದಾಗ ಎರಡೂ ಕಿವಿ ಹಿಡಿದುಕೊಂಡು, ಅತ್ತಿಗೆಯನ್ನು ಕರೆಯುವ ಹಾಗೆ, ವಹಿನಿ ಎಂದ. ಅವಳು ನಕ್ಕು, ಒಮ್ಮೆ ಮನೆಗೆ ಊಟಕ್ಕೆ ಬನ್ನಿ ಎಂದಳು.

ಅವಳು ನನ್ನನ್ನು ಏನೂ ಕೇಳಲಿಲ್ಲ. ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಹೋದಳು, ಸ್ಟೇಷನ್ನಿನಲ್ಲಿ ಇಳಿದು ನನ್ನ ಜೊತೆ ನಡೆದಳು, ದಾರಿಯಲ್ಲಿ ಟೊಮೆಟೊ ಕೊಂಡಳು. ನಾನು ಕೂಗಿದ್ದು ಅವಳಿಗೆ ಕೇಳಿಸಿಲ್ಲ ಎಂದು ನಾನು ನಿರ್ಧರಿಸಿಕೊಂಡೆ. ಅಷ್ಟು ಜನರ ಗದ್ದಲದಲ್ಲಿ ಹೇಗೆ ಕೇಳಿಸೀತು?

ಆಮೇಲೆ ಒಂದು ತಿಂಗಳು ನಾನು ಈ ಕಥೆ ಹೇಳದ ಜಾಗವಿಲ್ಲ. ಕ್ಯಾಂಟೀನಿನಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ, ಹಾಲಿನವನ ಹತ್ತಿರ ಕೂಡ. ಸಾವಿರ ಜನ ಕೂಗಿದರೂ ಅರ್ಧಕ್ಕೆ ಕೆಟ್ಟ ಹಾಡನ್ನು ಮನೆಗೆ ತರಲಿಲ್ಲ, ಮಂಡಳಿಯ ನಿಯಮವೆಂದರೆ ನಿಯಮ, ಮೊದಲಿನಿಂದಲೇ ಹಾಡಿದರು ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ನನ್ನ ಒಂದು ಹೋ ಮಾತ್ರ ಆ ಕಥೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ. ಗ್ಯಾಂಗಿನಲ್ಲಿ ಹೂಟಿಂಗ್ ನಿಂತುಹೋಯಿತು. ಅದರ ಕೀರ್ತಿಯನ್ನೂ ನಾನು ಒಂದಿಷ್ಟು ಇಟ್ಟುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಊರಿನಿಂದ ಅವಳ ಅಣ್ಣ ಫೋನು ಮಾಡಿದ್ದರು. ಅವರಿಗೂ ಇದೇ ಕಥೆ, ಇದೇ ನಿಯಮ. ಅವಳು ಎದುರಿಗೆ ಕೂತು ಅಲಸಂಡೆ ಮುರಿಯುತ್ತಿದ್ದಳು. ನಾನು ಫೋನು ಇಟ್ಟ ಮೇಲೆ ತಲೆಯೆತ್ತದೆ ಹೇಳಿದಳು.

"ನಿಯಮ ಅಲ್ಲ ಅದು. ರಾಷ್ಟ್ರಗೀತೆ ಎಂತ ಭಜನೆಯಾ? ಹೇಗೋ ಮುಗಿದಿತ್ತು. ಚಪ್ಪಲಿ ಹಾಕ್ಕೊಂಡು ಹೊರಟು ಬರ್ಬಹುದಿತ್ತು."

ಮತ್ತೆ ಯಾಕೆ ಹಾಡಿದ್ದು ಎಂದೆ.

"ಅಷ್ಟು ಜನರಲ್ಲಿ ನಂಗೆ ಕೇಳಿದ್ದು ನಿಮ್ಮ ಸ್ವರ ಒಂದೇ. ಹಾಗೇ ಮನೆಗೆ ಬಂದಿದ್ರೆ ನಿಮ್ಮ ಎದುರು ಊಟಕ್ಕೆ ಕೂತ್ಕೊಳ್ಳಿಕ್ಕೆ ನನ್ನಿಂದ ಆಗ್ತಿರ್ಲಿಲ್ಲ. ಅದಕ್ಕೆ ನಿಮಗೆ ಇನ್ನೊಂದು ಅವಕಾಶ ಕೊಟ್ಟದ್ದು."

ಅವಳು ಅಲಸಂಡೆಯ ಒಂದು ಹಿಡಿಯನ್ನು ನನ್ನ ಕಡೆ ಸರಿಸಿದಳು. ನಾನು ನೆಲದ ಮೇಲೆ ಅವಳ ಪಕ್ಕ ಕೂತು ಮುರಿಯತೊಡಗಿದೆ.